ಸಹಾಯ ಬೇಕು: ಮುಂಬಯಿಯ ಟ್ರಾಲಿಬಸ್ಸಿನಲ್ಲಿ ಪ್ರಯಾಣಿಸಿದವರ ನೆನಪುಗಳು

ಗುಂಪಿನ ಹಿರಿಯರೆಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿ 1962ರ ಜೂನ್‌ನಿಂದ 1971ರ ಮಾರ್ಚ್‌ವರೆಗೆ ನಗರದ ಬಸ್ಸುಗಳನ್ನು ನಡೆಸುವ ಬೆಸ್ಟ್ ಸಂಸ್ಥೆಯು ಗೊವಾಲಿಯಾ ಟ್ಯಾಂಕ್ ಮತ್ತು ಮಜಗಾಂವ್ ಡಾಕ್ ನಡುವೆ ಓಡಿಸುತ್ತಿದ್ದ ಟ್ರಾಲಿಬಸ್ಸುಗಳ (ರಸ್ತೆಯ ಮೇಲೆ ಎಳೆದ ತಂತಿಯಿಂದ ವಿದ್ಯುತ್ತು ಪಡೆದು ಓಡುವ ಬಸ್ಸುಗಳ) ಬಗ್ಗೆ ನೆನಪುಗಳನ್ನು ಸಂಗ್ರಹಿಸುತ್ತಿದ್ದು, ಅದಕ್ಕೆ ತಮ್ಮ ನೆರವನ್ನು ಕೋರುತ್ತಿದ್ದೇನೆ. 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಹೊರಟ ಕೊನೆಯ ಟ್ರಾಮನ್ನು ಬೀಳ್ಕೊಡಲು ಜನ ನೆರೆದಿದ್ದ ಸಂಗತಿ ಪ್ರಸಿದ್ಧವಾಗಿದೆ. ಆದರೆ ಒಂಬತ್ತು ವರ್ಷವೂ ತುಂಬದೆ ಮರೆಯಾದ ಈ ಬಸ್ಸುಗಳನ್ನು ನೆನೆಯುವವರು ವಿರಳ, ಮತ್ತು ಅದು ನನಗೆ ನಿಜವಾಗಿಯೂ ಬೇಸರದ ವಿಷಯ.

ಟ್ರಾಮಿನಲ್ಲಿ ವಿದ್ಯುತ್ತು ಹಳಿಯ ಮೂಲಕ ಮರಳುತ್ತದೆ; ಹಳಿಯಿಲ್ಲದ ಕಾರಣ ವಿದ್ಯುತ್ತು ಮರಳಿ ಹೋಗಲು ಟ್ರಾಲಿಬಸ್ಸಿಗೆ ಮೇಲೆ ಒಂದಲ್ಲ, ಎರಡು ತಂತಿಗಳು ಬೇಕು. ಚಾವಣಿಯ ಮೇಲಿನ ಎರಡು ಉದ್ದನೆಯ ಕೋಲುಗಳು ಆ ತಂತಿಗಳನ್ನು ಕೆಳಗಿನಿಂದ ಒತ್ತಿಕೊಂಡು ಸಾಗುತ್ತವೆ. ತಿರುವಿನಲ್ಲಿ ಒಂದು ಕಳಚಿದರೂ ಬಸ್ಸು ನಿಲ್ಲುತ್ತದೆ. ಹಾಗಾದಾಗ ಯಾರು ಇಳಿದು, ಹೇಗೆ ಕೋಲನ್ನು ಮತ್ತೆ ತಂತಿಗೆ ಸೇರಿಸುತ್ತಿದ್ದರು, ಹಿಂದಿನ ವಾಹನಗಳ ಗತಿ ಏನಾಗುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡವರಿಂದಲೇ ತಿಳಿಯುವ ಆಸೆ ನನ್ನದು.

ಆ ವರ್ಷಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಕನ್ನಡಿಗರು, ಹಡಗುಕಟ್ಟೆಯಲ್ಲಿ ಕೆಲಸ ಮಾಡಿದವರು ತಮ್ಮ ಮನೆಯಲ್ಲಿದ್ದರೆ ದಯವಿಟ್ಟು ವಿಚಾರಿಸಿ. ಟಿಕೆಟ್ಟಿನ ದರ, ನಿಲ್ದಾಣಗಳು, ಮಳೆಗಾಲದ ತೊಂದರೆ, ಡೀಸೆಲ್ ಬಸ್ಸಿಗೆ ಹೋಲಿಸಿದರೆ ಅದರ ಸದ್ದು ಹೇಗಿತ್ತು ಎಂಬಂಥ ಸಣ್ಣ ವಿವರಗಳೂ ಉಪಯುಕ್ತ. ಹಳೆಯ ಟಿಕೆಟ್ಟು ಅಥವಾ ಛಾಯಾಚಿತ್ರವಿದ್ದರೆ ಮೂಲಪ್ರತಿ ಕಳುಹಿಸುವುದು ಬೇಡ. ಸ್ಪಷ್ಟವಾದ ಒಂದು ಫೋಟೋ ಸಾಕು. ತಮ್ಮ ಅನುಮತಿಯಿಲ್ಲದೆ ಯಾವುದನ್ನೂ ಬೇರೆಡೆ ಬಳಸುವುದಿಲ್ಲ.