ಹಳೆಯ ಗ್ಯಾಸ್ ಮಾಸ್ಕ್: ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ?

ಪ್ರಶ್ನೆ: ಸರ್, ಬೂದು ಬಣ್ಣದ ರಬ್ಬರ್ ಮಾಸ್ಕ್ ಒಂದು ಕೊಂಡಿದ್ದೇನೆ. ಇಡೀ ತಲೆಯನ್ನೇ ಮುಚ್ಚುತ್ತದೆ. ಎರಡು ಗುಂಡು ಗಾಜು, ಬಾಯಿಯ ಹತ್ತಿರ ತಗಡಿನ ಡಬ್ಬಿ. ಗದ್ದದ ಮೇಲೆ ವೃತ್ತದೊಳಗೆ 3 ಅಂತ ಇದೆ. ಎರಡನೇ ಮಹಾಯುದ್ಧದ ರಷ್ಯನ್ ಸೈನ್ಯದ್ದು, 3 ಅಂದರೆ ಅಪರೂಪದ ಮಾದರಿ ಎಂದು ಮಾರಿದವರು ಹೇಳಿದರು. ನಿಜವಾ?

ಉತ್ತರ: ಎರಡೂ ನಿಜವಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಸೋವಿಯತ್ ಒಕ್ಕೂಟದ ಜಿಪಿ-5. 1960ರ ದಶಕದಿಂದ ಮುಂದಕ್ಕೆ ತಯಾರಾದದ್ದು. ಜಿಪಿ ಅಂದರೆ ರಷ್ಯನ್ ಭಾಷೆಯಲ್ಲಿ ನಾಗರಿಕರ ಗ್ಯಾಸ್ ಮಾಸ್ಕ್ ಎಂದೇ ಅರ್ಥ. ಸೈನಿಕರಿಗಾಗಿ ಮಾಡಿದ್ದಲ್ಲ. ಆ 3 ತಲೆಯ ಅಳತೆ. 0ಯಿಂದ 4ರವರೆಗೆ ಅಳತೆಗಳಿವೆ. ಈ ಅಂಕಿ ತೋರಿಸಿ ಜಾಸ್ತಿ ದುಡ್ಡು ಕೇಳುವವರನ್ನು ನಾನು ಆಗಾಗ ನೋಡುತ್ತೇನೆ.

ಸಂಗ್ರಹಕಾರರ ನಡುವೆ ಅತಿ ಹೆಚ್ಚು ಓಡಾಡುವ ಮಾಸ್ಕ್ ಇದು. ಹಾಗಾಗಿ ಬರೀ ಮಾಸ್ಕ್‌ಗೆ ದೊಡ್ಡ ಬೆಲೆ ಇಲ್ಲ. ಚೀಲ ಇದ್ದು, ಗಾಜಿಗೆ ಮಂಜು ಕಟ್ಟದಂತೆ ಹಾಕುವ ತೆಳು ಬಿಲ್ಲೆಗಳ ಪುಟ್ಟ ಡಬ್ಬಿ ಇದ್ದು, ಫಿಲ್ಟರಿನ ಮುಚ್ಚಳ ಇನ್ನೂ ತೆರೆಯದೇ ಇದ್ದರೆ ಮಾತ್ರ ಒಳ್ಳೆಯ ಸೆಟ್.

ಇಸವಿ ತಿಳಿಯಬೇಕಾದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ರಬ್ಬರಿಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು ಅಕ್ಷರಗಳು ಓರೆ ಬೆಳಕಿನ ನೆರಳಿನಲ್ಲಿ ಎದ್ದು ಕಾಣುತ್ತವೆ. ಫಿಲ್ಟರ್ ಡಬ್ಬಿಯ ಮುದ್ರೆಯನ್ನೂ ಓದಿ. ಎರಡರ ಇಸವಿ ಹತ್ತಿರ ಹತ್ತಿರ ಇರಬೇಕು. ಹತ್ತು ವರ್ಷದ ಅಂತರ ಇದ್ದರೆ ಯಾರೋ ನಡುವೆ ಫಿಲ್ಟರ್ ಬದಲಿಸಿರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಸರ್, ಮಗನಿಗೆ ಶಾಲೆಯ ನಾಟಕಕ್ಕೆ ಇಂಥದ್ದೇ ಒಂದು ಹಾಕಿಸಬಹುದಾ? ಒಂದೇ ದಿನ ಅಷ್ಟೇ.

ಉತ್ತರ: ದಯವಿಟ್ಟು ಬೇಡ ಮೇಡಂ. ಒಂದು ನಿಮಿಷವೂ ಬೇಡ. ವಿಷಗಾಳಿಯನ್ನು ಫಿಲ್ಟರಿನ ಇದ್ದಿಲು ಹಿಡಿಯುತ್ತದೆ, ಆದರೆ ಹೊಗೆಯ ಸಣ್ಣ ಕಣಗಳು ಇದ್ದಿಲನ್ನು ದಾಟಿ ಹೋಗುತ್ತವೆ. ಅವುಗಳನ್ನು ತಡೆಯಲು ನಾರಿನ ಪದರ ಇಡುತ್ತಿದ್ದರು. ಎರಡನೇ ಮಹಾಯುದ್ಧದ ಅನೇಕ ಬ್ರಿಟಿಷ್ ಮಾಸ್ಕ್‌ಗಳಲ್ಲಿ ಆ ನಾರು ಆಸ್ಬೆಸ್ಟಾಸ್, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಹಳೆಯ ಸೋವಿಯತ್ ಫಿಲ್ಟರ್‌ಗಳಲ್ಲೂ ಪರೀಕ್ಷೆ ಮಾಡಿದಾಗ ಸಿಕ್ಕಿದೆ. ಅಮೆರಿಕದ ಹಳೆಯ ಫಿಲ್ಟರ್‌ಗಳ ಇದ್ದಿಲಿಗೆ ಕ್ರೋಮಿಯಂ ಬೆರೆಸುತ್ತಿದ್ದರು, ಅದೂ ಒಳ್ಳೆಯದಲ್ಲ. ಫಿಲ್ಟರ್ ಬಿಚ್ಚಿಟ್ಟರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಇಷ್ಟು ವರ್ಷಗಳಲ್ಲಿ ನಾರು ಉದುರಿ ಮಾಸ್ಕಿನ ಒಳಗೂ ಕೂತಿರಬಹುದು. ನಾಟಕಕ್ಕೆ ರಟ್ಟಿನಲ್ಲಿ ಮಾಡಿಕೊಡಿ.

ಪ್ರಶ್ನೆ: ನನ್ನದು ಕಪ್ಪು ರಬ್ಬರಿನ ಬ್ರಿಟಿಷ್ ಮಾಸ್ಕ್. ಕಣ್ಣಿಗೆ ಒಂದೇ ಅಗಲದ ಕಿಟಕಿ, ಜೊತೆಗೆ ರಟ್ಟಿನ ಪೆಟ್ಟಿಗೆ. ಎಂಬತ್ತು ವರ್ಷ ದಾಟಿದ ವಸ್ತು, ಒಳ್ಳೆಯ ಬೆಲೆ ಬರಬೇಕಲ್ವಾ?

ಉತ್ತರ: ವಯಸ್ಸೊಂದರಿಂದಲೇ ಬೆಲೆ ಬರುವುದಿಲ್ಲ. ಇದು ಬ್ರಿಟನ್ನಿನ ಜನಸಾಮಾನ್ಯರಿಗೆ ಹಂಚಿದ ಮಾಸ್ಕ್. 1938ರ ಸೆಪ್ಟೆಂಬರ್ ಹೊತ್ತಿಗೇ ಸುಮಾರು 3 ಕೋಟಿ 80 ಲಕ್ಷ ಹಂಚಿದ್ದರು. 1940ರಲ್ಲಿ ಡಬ್ಬಿಯ ಮುಂದೆ ಇನ್ನೊಂದು ಚಪ್ಪಟೆ ಫಿಲ್ಟರನ್ನು ಅಂಟುಪಟ್ಟಿ ಸುತ್ತಿ ಸೇರಿಸಿದರು. ಅದು ಇದ್ದರೆ ಮಾಸ್ಕ್ ಆಗ ಬಳಕೆಯಲ್ಲಿತ್ತು ಎಂದು ತಿಳಿಯುತ್ತದೆ.

ನಿಮ್ಮಲ್ಲಿ ನಿಜವಾಗಿ ಬೆಲೆ ಬಾಳುವುದು ಆ ರಟ್ಟಿನ ಪೆಟ್ಟಿಗೆ. ರಟ್ಟು ಬೇಗ ಹಾಳಾಗುತ್ತದೆ, ಹೆಚ್ಚಿನವರು ಎಸೆದುಬಿಟ್ಟರು. ಅದರ ಮೇಲೆ ಯಾರದಾದರೂ ಹೆಸರು, ಮನೆ ನಂಬರು ಬರೆದಿದ್ದರೆ ಒರೆಸಲೇಬೇಡಿ. ಇದೇ ಸಾಲಿನಲ್ಲಿ ಪುಟ್ಟ ಮಕ್ಕಳಿಗೆ ಮಾಡಿದ ಕೆಂಪು ರಬ್ಬರಿನ 'ಮಿಕಿ ಮೌಸ್' ಮಾಸ್ಕ್‌ಗೆ ಬೇಡಿಕೆ ಹೆಚ್ಚು. ಕೂಸಿನ ಅರ್ಧ ಮೈಯನ್ನೇ ಒಳಗಿಟ್ಟು, ತಾಯಿ ಕೈಪಂಪಿನಿಂದ ಗಾಳಿ ಒತ್ತುವ ಹೆಲ್ಮೆಟ್ ಇನ್ನೂ ವಿರಳ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಮಾರುವ ಮುಂಚೆ ನಿಮ್ಮ ದೇಶದ ಕಾಯಿದೆ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಇರುವ ವಸ್ತುವನ್ನು ಮಾರುವುದಕ್ಕೇ ನಿರ್ಬಂಧ ಇದೆ.

ಪ್ರಶ್ನೆ: ಜರ್ಮನ್ ಮಾಸ್ಕ್ ಒಂದು ನೋಡಿದ್ದೇನೆ, ಹದ್ದಿನ ಮುದ್ರೆ ಇದೆ. ಅಸಲಿ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಮುದ್ರೆಯನ್ನು ಕೊನೆಗೆ ನೋಡಿ. ನಕಲಿ ಹಾಕುವುದು ಅತಿ ಸುಲಭ ಅದನ್ನೇ. ಮೊದಲು ವಸ್ತು ನೋಡಿ. ಎರಡನೇ ಮಹಾಯುದ್ಧದ ಜರ್ಮನ್ ಮಾದರಿಗಳಲ್ಲಿ ಜಿಎಂ 30ರ ಮುಖಭಾಗ ರಬ್ಬರ್ ಕೂಡಿಸಿದ ಬಟ್ಟೆ, ಜಿಎಂ 38 ಪೂರ್ತಿ ರಬ್ಬರ್. ಇವೆರಡೂ ಸೈನ್ಯದವು. ವಿಎಂ 37 ನಾಗರಿಕರದ್ದು, ಅದನ್ನೂ ಸೈನ್ಯದ್ದೆಂದು ಮಾರುತ್ತಾರೆ. ಸೈನಿಕನ ಮಾಸ್ಕ್ ಉದ್ದುದ್ದ ಏಣುಗಳಿರುವ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. ಅದರ ಮುಚ್ಚಳದ ಒಳಗೆ ಗಾಜಿಗೆ ಹಾಕುವ ಬಿಲ್ಲೆಗಳ ಸಣ್ಣ ಅರೆ ಇದೆ, ತೆಗೆದು ನೋಡಿ. ತಗಡಿನ ಮೇಲೆ ತುಕ್ಕು, ಗೀರು ಎಲ್ಲಾ ಇದ್ದು, ಹದ್ದು ಮಾತ್ರ ಹೊಳೆಯುತ್ತಿದ್ದರೆ ಕೈಬಿಡಿ. ಗೀರಿನ ಮೇಲೆ ಮುದ್ರೆ ಬಿದ್ದಿದ್ದರೆ ಅದು ಗೀರು ಬಿದ್ದ ಮೇಲೆ ಒತ್ತಿದ್ದು.

ಮಾಸ್ಕಿನ ಒಳಗೆ ಹಲ್ಲಿನಲ್ಲಿ ಕಚ್ಚುವ ತುಂಡು, ಮೂಗು ಒತ್ತುವ ಕ್ಲಿಪ್, ಹೊರಗೆ ಕೊಳವೆ ಕಂಡರೆ ತಕ್ಷಣ ತಜ್ಞರಿಗೆ ತೋರಿಸಿ. ಅದು 1916ರ ಬ್ರಿಟಿಷ್ ಸ್ಮಾಲ್ ಬಾಕ್ಸ್ ರೆಸ್ಪಿರೇಟರ್ ಅಥವಾ ಅದನ್ನು ನೋಡಿ ಅಮೆರಿಕ ಮಾಡಿಸಿದ್ದು ಇರಬಹುದು. ರಬ್ಬರ್ ಪುಡಿಯಾಗಿ ಹೋಗುವುದರಿಂದ ಮೊದಲ ಮಹಾಯುದ್ಧದವು ಚೆನ್ನಾಗಿ ಉಳಿದಿರುವುದು ಕಡಿಮೆ. ಜರ್ಮನರು 1917ರಲ್ಲಿ ರಬ್ಬರ್ ಸಿಗದೆ ಚರ್ಮದ ಮಾಸ್ಕ್ ಮಾಡಿದರು, ಅದಕ್ಕೂ ಒಳ್ಳೆಯ ಬೆಲೆ ಇದೆ.

ಪ್ರಶ್ನೆ: ರಬ್ಬರ್ ಒಣಗಿದೆ ಸರ್. ಎಣ್ಣೆ ಹಚ್ಚಿ ಮೆತ್ತಗೆ ಮಾಡಲಾ?

ಉತ್ತರ: ಎಣ್ಣೆ ರಬ್ಬರನ್ನು ಊದಿಸಿ ಅಂಟಂಟು ಮಾಡುತ್ತದೆ. ಬೇಡ. ಸೋಪೂ ಬೇಡ. ಕೆಲಸಕ್ಕೆ ಬಂದ ಹೊಸತರಲ್ಲಿ ನಾನೊಂದು ಮಾಸ್ಕನ್ನು ಸೋಪುನೀರಲ್ಲಿ ತೊಳೆದೆ. ಪಟ್ಟಿಯ ಮೇಲೆ ಮಸಿಯಲ್ಲಿ ಒತ್ತಿದ್ದ ಇಸವಿ ನೀಲಿ ನೀರಾಗಿ ಹರಿದುಹೋಯಿತು. ಆ ಮಾಸ್ಕಿನ ಕಾಲ ಹೇಳಲು ಇದ್ದ ಸಾಕ್ಷಿ ಅದೊಂದೇ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಆಮ್ಲವಿಲ್ಲದ ಮೆದು ಕಾಗದವನ್ನು ಉಂಡೆ ಮಾಡಿ, ಮುಖದ ಆಕಾರ ಬರುವಂತೆ ಒಳಗೆ ತುಂಬಿ. ಈ ಕೆಲಸ ಮಾಡುವಾಗ ಕೈಗವಸು, ಈಗಿನ ಒಳ್ಳೆಯ ಧೂಳಿನ ಮಾಸ್ಕ್ ಎರಡೂ ಇರಲಿ. ಮಡಚಬೇಡಿ, ಮಡಚಿದ ಕಡೆಯೇ ಮೊದಲು ಬಿರಿಯುತ್ತದೆ. ಬಿಸಿಲು, ಶಾಖ ಎರಡರಿಂದಲೂ ದೂರ ಇಡಿ. ಫಿಲ್ಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಭದ್ರವಾಗಿ ಕಟ್ಟಿ, 'ಆಸ್ಬೆಸ್ಟಾಸ್ ಇರಬಹುದು' ಅಂತ ಚೀಟಿ ಅಂಟಿಸಿ, ಅದೇ ಪೆಟ್ಟಿಗೆಯಲ್ಲಿ ಮಾಸ್ಕಿನ ಜೊತೆಗೇ ಇಡಿ.