ಪದಚರ್ಚೆ: ಸೃಷ್ಟಿಕರ್ತನನ್ನು ಒಪ್ಪಿಯೂ ಪೂಜೆಯನ್ನು ಒಲ್ಲದವನಿಗೆ ಏನೆನ್ನಬೇಕು?

ಮಾನ್ಯರೇ,

ಈ ಜಗತ್ತನ್ನು ಸೃಷ್ಟಿಸಿದವನೊಬ್ಬನಿದ್ದಾನೆ ಎಂದು ಸಂದೇಹವಿಲ್ಲದೆ ಒಪ್ಪಿಕೊಂಡು, ಆದರೂ ಅವನಿಗೆ ತಾನು ಕೈಮುಗಿಯುವುದಿಲ್ಲ ಎಂದು ತಿಳಿದೇ ನಿರ್ಧರಿಸಿದ ವ್ಯಕ್ತಿಯನ್ನು ಕನ್ನಡದಲ್ಲಿ ಯಾವ ಪದದಿಂದ ಕರೆಯಬೇಕು ಎಂಬುದು ನನ್ನ ಪ್ರಶ್ನೆ. ಉಡುಪಿಯಲ್ಲಿ ನಾವು ಕೆಲವರು ಸೇರಿ ಧರ್ಮದರ್ಶನದ ಪಾಠಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕರಡಿನಲ್ಲಿ ಒಬ್ಬರು ‘ನಾಸ್ತಿಕ’ ಎಂದು ಬರೆದಿದ್ದರು. ಇನ್ನೊಬ್ಬರು ಅದನ್ನು ಹೊಡೆದುಹಾಕಿ ‘ದೈವದ್ವೇಷಿ’ ಎಂದು ತಿದ್ದಿದ್ದರು. ಎರಡೂ ಸಲ್ಲವೆಂದು ನನಗೆ ತೋರುತ್ತದೆ.

‘ನಾಸ್ತಿಕ’ದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ ಎಂಬ ಪಾಣಿನಿಯ ಸೂತ್ರದ ಪ್ರಕಾರ ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ, ಮತ್ತು ವ್ಯಾಖ್ಯಾನಕಾರರು ಆ ‘ಇಲ್ಲ’ವನ್ನು ಪರಲೋಕಕ್ಕೆ ಅನ್ವಯಿಸುತ್ತಾರೆ. ಮನುಸ್ಮೃತಿಗೆ ವೇದವನ್ನು ನಿಂದಿಸುವವನೇ ನಾಸ್ತಿಕ. ಇಂದಿನ ಬಳಕೆಯಲ್ಲಿ ದೇವರಿಲ್ಲ ಎನ್ನುವವನು ನಾಸ್ತಿಕ. ಈ ಮೂರು ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ನಮ್ಮ ವ್ಯಕ್ತಿ ಅದರೊಳಗೆ ಬರುವುದಿಲ್ಲ. ದೇವಸ್ಥಾನಕ್ಕೆ ಹೋಗದವರನ್ನೆಲ್ಲ ನಾಸ್ತಿಕರೆನ್ನುವ ಆಡುಮಾತಿನ ರೂಢಿಯೊಂದಿದೆಯಾದರೂ ದರ್ಶನದ ಪಾಠಕ್ಕೆ ಆ ಸಡಿಲತನ ಒಗ್ಗದು.

‘ದೈವದ್ವೇಷಿ’ಗೆ ನನ್ನ ಆಕ್ಷೇಪ ಭಾಗಶಃ ಊರಿನದು. ಘಟ್ಟದ ಮೇಲೆ ‘ದೈವ’ವೆಂದರೆ ದೇವರು ಅಥವಾ ವಿಧಿ; ಮಂಗಳೂರು, ಉಡುಪಿಯ ಕಡೆಗಳಲ್ಲಿ ‘ದೈವ’ವೆಂದರೆ ಮೊದಲು ನೆನಪಾಗುವುದು ಪಂಜುರ್ಲಿ, ಜುಮಾದಿ, ಬೊಬ್ಬರ್ಯರಂಥ ತುಳುನಾಡಿನ ಭೂತಗಳು, ಮತ್ತು ‘ದೈವ ದೇವರು’ ಎಂದು ಜೊತೆಯಾಗಿ ಹೇಳುವಾಗಲೂ ಎರಡನ್ನು ಬೇರೆಬೇರೆಯಾಗಿಯೇ ಎಣಿಸುತ್ತೇವೆ. ಹೀಗಾಗಿ ಇಲ್ಲಿನ ಓದುಗರಿಗೆ ‘ದೈವದ್ವೇಷಿ’ಯು ಆ ಭೂತಗಳಿಗೆ ಸಲ್ಲಿಸುವ ಕೋಲ, ನೇಮಗಳೆಂಬ ಸೇವೆಗಳನ್ನು ವಿರೋಧಿಸುವವನಂತೆ ಕೇಳಿಸೀತು. ‘ದೇವದ್ವೇಷಿ’ ಎಂದು ತಿದ್ದಿದರೆ ಆ ಗೊಂದಲ ಹೋಗುತ್ತದೆ, ಆದರೆ ದ್ವೇಷ ಉಳಿಯುತ್ತದೆ, ಹಿರಣ್ಯಕಶಿಪು ಕಣ್ಣೆದುರು ಬಂದು ನಿಲ್ಲುತ್ತಾನೆ. ನಮ್ಮ ವ್ಯಕ್ತಿಗೆ ಯಾರ ಮೇಲೂ ಹಗೆಯಿಲ್ಲ. ‘ನೀನು ಮಾಡಿದ್ದೀಯೆಂಬುದು ಸರಿ, ಆದರೆ ಮಾಡಿದ ಮಾತ್ರಕ್ಕೆ ನನ್ನ ನಮಸ್ಕಾರ ನಿನಗೆ ಸಲ್ಲಬೇಕಾಗಿಲ್ಲ’ ಎಂಬಷ್ಟೇ ಅವನ ನಿಲುವು.

ಇನ್ನು ‘ನಂಬು’ ಎಂಬ ಕ್ರಿಯಾಪದ. ‘ದೇವರಿದ್ದಾನೆಂದು ನಂಬುವುದು’ ಮತ್ತು ‘ದೇವರನ್ನು ನಂಬುವುದು’ ಇವುಗಳ ನಡುವಿನ ಅಂತರವನ್ನು ಕನ್ನಡದ ವಾಕ್ಯರಚನೆಯೇ ತೋರಿಸಿಕೊಡುತ್ತದೆ: ಮೊದಲನೆಯದು ಬರಿಯ ಅಭಿಪ್ರಾಯ, ಎರಡನೆಯದು ಮೊರೆಹೋಗುವುದು. ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ದೆವ್ವಗಳೂ ನಂಬಿ ನಡುಗುತ್ತವೆ ಎಂಬ ಮಾತು ಬರುವುದು ಮೊದಲನೆಯ ಅರ್ಥದಲ್ಲಿ. ಕರಾವಳಿಯಲ್ಲಂತೂ ಎರಡನೆಯ ಅರ್ಥ ಇನ್ನಷ್ಟು ಗಟ್ಟಿಯಾಗಿದೆ. ‘ನಮ್ಮ ಕುಟುಂಬದವರು ನಂಬಿಕೊಂಡು ಬಂದ ದೈವ’ ಎಂದರೆ ವರ್ಷಕ್ಕೊಮ್ಮೆ ತಂಬಿಲವನ್ನೋ ಕೋಲವನ್ನೋ ತಪ್ಪದೆ ಸಲ್ಲಿಸುತ್ತ ಬಂದ ದೈವ ಎಂದೇ ಅರ್ಥ. ಆದುದರಿಂದ ‘ನಂಬುತ್ತಾನೆ, ಆದರೆ ಪೂಜಿಸುವುದಿಲ್ಲ’ ಎಂಬ ವಾಕ್ಯ ನಮ್ಮ ಕಿವಿಗೆ ಸ್ವವಿರೋಧಿಯಾಗಿ ಕೇಳುತ್ತದೆ. ಅನುವಾದದಲ್ಲಿ ‘ಒಪ್ಪುತ್ತಾನೆ’ ಎಂದೇ ಬಳಸುವುದು ಒಳ್ಳೆಯದು.

ಪೂಜೆಯೂ ಸೃಷ್ಟಿಕರ್ತನ ಒಪ್ಪಿಗೆಯೂ ಒಂದನ್ನು ಬಿಟ್ಟು ಒಂದಿರಬಲ್ಲವು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1432ರಲ್ಲಿ ಸ್ಥಾಪನೆಯಾದ ಕಾರ್ಕಳದ ಗೊಮ್ಮಟನಿಗೆ ಇಂದಿಗೂ ಮಸ್ತಕಾಭಿಷೇಕ ನಡೆಯುತ್ತದೆ, ಆದರೆ ಜೈನದರ್ಶನದಲ್ಲಿ ಸೃಷ್ಟಿಕರ್ತನಿಗೆ ಎಡೆಯಿಲ್ಲ. ಅಲ್ಲಿ ಕರ್ತನಿಲ್ಲದ ಪೂಜೆ. ನಮ್ಮ ಪ್ರಶ್ನೆಯದು ಪೂಜೆಯಿಲ್ಲದ ಕರ್ತ. ಬ್ರಹ್ಮನಿಗೆ ಪೂಜೆಯಿಲ್ಲ ಎಂಬ ಪುರಾಣದ ಮಾತನ್ನು ಇಲ್ಲಿಗೆ ತರಬಹುದೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಅಲ್ಲಿ ಪೂಜೆ ತಪ್ಪಿದ್ದು ಶಾಪದಿಂದ. ಯಾವ ಮನುಷ್ಯನೂ ಯೋಚಿಸಿ ನಿರಾಕರಿಸಿದ್ದರಿಂದ ತಪ್ಪಿದ್ದಲ್ಲ. (ತುಳುನಾಡಿನ ಗರಡಿಗಳೆಂಬ ದೈವಸ್ಥಾನಗಳಲ್ಲಿ ಪೂಜೆಗೊಳ್ಳುವ ಬೆರ್ಮೆರು ಎಂಬ ದೈವ ಪುರಾಣದ ಬ್ರಹ್ಮನೇ ಹೌದೇ ಎಂಬುದು ಬೇರೊಂದು ಚರ್ಚೆ.)

ಇಂಥ ಮುಖ್ಯವಾದ ನಿಲುವಿಗೆ ನಮ್ಮಲ್ಲಿ ಸಿದ್ಧಪದವೇಕಿಲ್ಲ? ನನ್ನ ಊಹೆಯೆಂದರೆ, ದೂರಿನ ಮೊನೆಯನ್ನು ನಮ್ಮ ದರ್ಶನಗಳು ಮೊದಲೇ ಬೇರೆಡೆಗೆ ತಿರುಗಿಸಿವೆ. ಲೋಕದಲ್ಲಿ ಇಷ್ಟು ದುಃಖವನ್ನಿಟ್ಟವನು ಪಕ್ಷಪಾತಿ, ನಿರ್ದಯಿ ಎಂಬ ಆಪಾದನೆಯನ್ನು ಬ್ರಹ್ಮಸೂತ್ರವೇ ಎತ್ತಿಕೊಂಡು, ‘ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್’ ಎಂದು ಜೀವರ ಕರ್ಮದ ಕಡೆಗೆ ಬೆರಳು ತೋರಿಸುತ್ತದೆ. ಮಧ್ವಾಚಾರ್ಯರ ಮತದಲ್ಲಿ ಜೀವರೂ ಪ್ರಕೃತಿಯೂ ಅನಾದಿ. ಪರಮಾತ್ಮನು ಮಡಕೆಗೆ ಕುಂಬಾರನಿದ್ದಂತೆ ನಿಮಿತ್ತಕಾರಣನೇ ಹೊರತು ಶೂನ್ಯದಿಂದ ಜೀವವನ್ನು ಹುಟ್ಟಿಸಿದವನಲ್ಲ. ‘ನನ್ನನ್ನೇಕೆ ಸೃಷ್ಟಿಸಿದೆ’ ಎಂಬ ಸಿಟ್ಟಿಗೆ ಅಲ್ಲಿ ನೆಲೆ ಸಿಗುವುದು ಕಷ್ಟ. ದೇವರನ್ನು ಬಯ್ಯುವ ದಾಸರ ನಿಂದಾಸ್ತುತಿಗಳಿವೆಯಲ್ಲ ಎಂದರೆ, ಅವೂ ಕೊನೆಗೆ ಸ್ತುತಿಗಳೇ.

ಆದರೂ ಪದವನ್ನು ಹುಡುಕಲು ಆಚಾರ್ಯರ ಭಕ್ತಿಲಕ್ಷಣವೇ ನನಗೆ ದಾರಿ ತೋರಿಸಿತು. ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಅವರು, ಮಾಹಾತ್ಮ್ಯದ ಜ್ಞಾನವನ್ನು ಮುಂದಿಟ್ಟುಕೊಂಡ, ದೃಢವಾದ, ಮಿಕ್ಕೆಲ್ಲಕ್ಕಿಂತ ಮಿಗಿಲಾದ ಸ್ನೇಹವೇ ಭಕ್ತಿ ಎನ್ನುತ್ತಾರೆ. ನಮ್ಮ ವ್ಯಕ್ತಿಗೆ ಕರ್ತೃತ್ವದ ಒಪ್ಪಿಗೆಯಿದೆ; ಆ ಕರ್ತೃತ್ವದಲ್ಲಿ ಮಾಹಾತ್ಮ್ಯ ಕಾಣಿಸಿಲ್ಲ, ಆದ್ದರಿಂದ ಸ್ನೇಹವನ್ನು ಕೊಡಲು ಮನಸ್ಸಿಲ್ಲ. ‘ಅಭಕ್ತ’, ‘ನಿರ್ಭಕ್ತ’, ‘ಅನಾರಾಧಕ’ ಎಂಬ ರಚನೆಗಳಲ್ಲಿ ‘ಅ’ಕಾರವಾಗಲಿ ‘ನಿರ್’ ಆಗಲಿ ಸೂಚಿಸುವುದು ಇಲ್ಲದಿರುವಿಕೆಯನ್ನು ಮಾತ್ರ. ಸೋಮಾರಿತನದಿಂದ ಪೂಜೆ ಬಿಟ್ಟವನೂ ಅನಾರಾಧಕನೇ. ಕೊಡಬಲ್ಲೆ, ಆದರೆ ಕೊಡುವುದಿಲ್ಲ ಎಂಬ ಇಚ್ಛೆಯನ್ನು ಹೇಳಲು ಕನ್ನಡದ ‘ಒಲ್ಲ’ದಷ್ಟು ತಕ್ಕ ಮಾತು ನನಗೆ ಸಿಕ್ಕಿಲ್ಲ. ಒಲಿ, ಒಲವುಗಳ ಬಳಗಕ್ಕೇ ಸೇರಿದ ಆ ನಿಷೇಧರೂಪದಲ್ಲಿ ಸ್ನೇಹದ ನಿರಾಕರಣೆಯೂ ಅಡಗಿದೆ. ಆದ್ದರಿಂದ ‘ಪೂಜೆಯೊಲ್ಲದ ಆಸ್ತಿಕ’ ಎಂಬುದು ನನ್ನ ಸದ್ಯದ ಸೂಚನೆ. ಆರಂಭದಲ್ಲೊಮ್ಮೆ ‘ಆಸ್ತಿಕ’ವನ್ನು ಇಂದಿನ ರೂಢಿಯಂತೆ ದೇವರ ಇರವನ್ನು ಒಪ್ಪುವವನು ಎಂದು ವಿವರಿಸಿಕೊಂಡರಾಯಿತು.

ಇಲ್ಲಿ ಎರಡು ಅಡಚಣೆಗಳಿವೆ. ಕರಾವಳಿಯಲ್ಲಿ ನಾವು ಮಾತಿನಲ್ಲಿ ‘ಬೇಡ’ ಎನ್ನುತ್ತೇವೆಯೇ ಹೊರತು ‘ಒಲ್ಲೆ’ ಎನ್ನುವುದಿಲ್ಲ. ನಮಗದು ಪುಸ್ತಕದ ಮಾತು. ಧಾರವಾಡ, ವಿಜಯಪುರದ ಕಡೆ ಅದು ದಿನಬಳಕೆಯ ಮಾತಾದುದರಿಂದ ಅಲ್ಲಿನವರಿಗೆ ‘ಪೂಜೆಯೊಲ್ಲದವ’ ಎಂದರೆ ಇವತ್ತಿನ ಮಟ್ಟಿಗೆ ಪೂಜೆ ಸಾಕೆಂದವನು ಎಂಬಷ್ಟು ಹಗುರವಾಗಿ ಕೇಳಿಸುತ್ತದೆಯೇ ಎಂಬುದನ್ನು ಆ ಭಾಗದ ಸದಸ್ಯರು ತಿಳಿಸಬೇಕು. ಎರಡನೆಯದಾಗಿ, ವ್ಯಕ್ತಿಗೆ ಹೆಸರು ಸಿಕ್ಕರೂ ನಿಲುವಿಗೆ ಸಿಕ್ಕಿಲ್ಲ. ‘ಪೂಜಾನಿರಾಕರಣವಾದ’ ಎಂದರೆ ಮೂರ್ತಿಪೂಜೆಯನ್ನು ಮಾತ್ರ ಬಿಟ್ಟು ನಿರಾಕಾರನನ್ನು ಪ್ರಾರ್ಥಿಸುವ ಬ್ರಹ್ಮಸಮಾಜದವರಂಥವರೂ ಅದರೊಳಗೆ ಸೇರಿಹೋಗುತ್ತಾರೆ, ‘ಆರಾಧನಾನಿರಾಕರಣ’ ನಾಲಗೆಗೆ ಭಾರ. ‘ಒಲ್ಲ’ದಿಂದಲೇ ಭಾವನಾಮವೊಂದನ್ನು ಕಟ್ಟಲು ಸಾಧ್ಯವೇ, ಹಳಗನ್ನಡದಲ್ಲಿ ಅಂಥ ಪ್ರಯೋಗವೇನಾದರೂ ಇದೆಯೇ ಎಂಬುದನ್ನು ಬಲ್ಲವರು ಉದಾಹರಣೆಯೊಂದಿಗೆ ತಿಳಿಸಬೇಕಾಗಿ ವಿನಂತಿ.