ಪದಚರ್ಚೆ: ಫೈನಲ್ ಅಪ್ರೋಚ್, ಫ್ಲೇರ್, ಗೋ ಅರೌಂಡ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವಿಮಾನ ಹೇಗೆ ಇಳಿಯುತ್ತದೆ ಅಂತ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ಪದಗಳು ಸತಾಯಿಸುತ್ತಿವೆ.

ಮೊದಲನೆಯದು ಫೈನಲ್ ಅಪ್ರೋಚ್. ರನ್‌ವೇಯ ನೇರಕ್ಕೆ ಬಂದ ಮೇಲೆ ನೆಲ ಮುಟ್ಟುವ ತನಕದ ದಾರಿ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ಅಂದರೆ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಮಾರು 52 ಮೀಟರ್ ಕೆಳಗೆ ಬಂದಿರುತ್ತದೆ. ‘ಅಂತಿಮ ಸಮೀಪನ’ ಎನ್ನಬಹುದೇನೋ. ಆದರೆ ಅಂತಿಮ ಅಂದ ಕೂಡಲೇ ಯಾತ್ರೆ, ದರ್ಶನ, ಸಂಸ್ಕಾರಗಳೇ ನೆನಪಾಗುತ್ತವೆ. ವಿಮಾನದಲ್ಲಿ ಕೂತವರಿಗೆ ಆ ಮಾತು ಬೇಡ, ಅಲ್ವಾ? ಸುಮ್ನೆ ‘ಇಳಿಯುವುದು’ ಅನ್ನೋಣವೆಂದರೆ ನಮ್ಮ ‘ಇಳಿ’ಗೆ ಕೆಲಸ ಜಾಸ್ತಿ. 35,000 ಅಡಿಯಿಂದ ಕೆಳಗೆ ಬರುವುದೂ ಇಳಿಯುವುದೇ, ಚಕ್ರ ನೆಲ ಮುಟ್ಟುವುದೂ ಇಳಿಯುವುದೇ, ಬ್ಯಾಗು ಹಿಡಿದು ಬಾಗಿಲು ದಾಟುವುದೂ ಇಳಿಯುವುದೇ. ಸದ್ಯಕ್ಕೆ ‘ಕೊನೆಯ ಇಳಿದಾರಿ’ ಎಂದಿಟ್ಟಿದ್ದೇನೆ. ನೆಲ ಮುಟ್ಟುವುದಕ್ಕೆ ಪತ್ರಿಕೆಗಳ ‘ಭೂಸ್ಪರ್ಶ’ ಇದೆ, ಆ ಚಿಂತೆಯಿಲ್ಲ.

ಫ್ಲೇರ್ ಅಂದರೆ ರನ್‌ವೇಗೆ ಸುಮಾರು 30 ಅಡಿ ಮೇಲಿರುವಾಗ ವಿಮಾನದ ಮೂಗನ್ನು ತುಸು ಎತ್ತಿ ಇಳಿಯುವ ವೇಗ ತಗ್ಗಿಸುವುದು. ಕೊಕ್ಕರೆ ಗದ್ದೆಗೆ ಇಳಿಯುವಾಗ ಮೈಯನ್ನು ಹಿಂದಕ್ಕೆ ವಾಲಿಸುತ್ತದಲ್ಲ, ಹಾಗೆ. ‘ಮೂಗೆತ್ತುವುದು’ ಸಾಕೆನಿಸುತ್ತದೆ. ಹಾರುವಾಗಲೂ ಮೂಗೆತ್ತುತ್ತಾರಲ್ಲ ಅಂತ ನೀವು ತಕರಾರು ತೆಗೆಯಬಹುದು.

ನಿಜವಾದ ತಲೆನೋವು ಗೋ ಅರೌಂಡ್. ಇಳಿಯುವುದನ್ನು ಕೈಬಿಟ್ಟು, ಎಂಜಿನ್ನಿನ ಬಲ ಹೆಚ್ಚಿಸಿ ಮತ್ತೆ ಮೇಲೇರುವುದು. ಇದನ್ನು ‘ಸುತ್ತು ಹೊಡೆಯುವುದು’ ಎಂದರೆ ತಪ್ಪಾಗುತ್ತದೆ. ಸುತ್ತು ಹೊಡೆಯುವುದು ಇಳಿಯಲು ಸರದಿ ಬರುವ ತನಕ ಮೇಲೆ ಕಾಯುವುದು, ಅದೇ ಬೇರೆ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರೆಂದು ತನಿಖಾ ವರದಿ ಹೇಳುತ್ತದೆ. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ತಲೆಯ ಮೇಲಿನ ರನ್‌ವೇ ಅದು. 158 ಜನ ಸತ್ತರು, 8 ಜನ ಉಳಿದರು. ಸಹ ಪೈಲಟ್ ಅಂದು ಹೇಳಿದ್ದನ್ನು ‘ಸುತ್ತು ಹೊಡೆಯಿರಿ’ ಎಂದು ಬರೆದರೆ, ಆ ಕ್ಷಣದಲ್ಲಿ ಅವರು ಏನು ಕೇಳುತ್ತಿದ್ದರು ಅನ್ನುವುದೇ ಮಕ್ಕಳಿಗೆ ತಿಳಿಯುವುದಿಲ್ಲ.

‘ಮರುಏರಿಕೆ’ ವರದಿಗೆ ಹೊಂದುತ್ತದೆ. ಆದರೆ ಕಾಕ್‌ಪಿಟ್ಟಿನಲ್ಲಿ ಅದು ಥಟ್ಟನೆ ಕೂಗಿ ಹೇಳುವ ಮಾತು. ‘ಮೇಲೆತ್ತಿ’ ಆದೀತೇ? ವಾಯುಪಡೆಯಲ್ಲಿ ಅಥವಾ ವಿಮಾನ ನಿಲ್ದಾಣದಲ್ಲಿ ದುಡಿದವರು ಯಾರಾದರೂ ಇದ್ದರೆ, ಕನ್ನಡದಲ್ಲಿ ಮಾತಾಡಿಕೊಳ್ಳುವಾಗ ಇದಕ್ಕೆ ಏನನ್ನುತ್ತಿದ್ದಿರಿ ಅಂತ ತಿಳಿಸಿ.